ಪಾತ್ರೆ ಎಳೆಯುವ ಹೊತ್ತು

ಭಾನುವಾರ ನಾನು ಏಳುವ ಮೊದಲೇ ನನ್ನ ಕಾಲುನೋವು ಎದ್ದು ಕೂತಿರುತ್ತದೆ. ವಾರದಲ್ಲಿ ಐದು ದಿನ ಶಾಲೆಯ ಅಡುಗೆಮನೆಯಲ್ಲಿ ನೂರ ಎಂಬತ್ತು ಮಕ್ಕಳಿಗೆ ಬೇಯಿಸಿ ಹಾಕುತ್ತೇನೆ. ಶನಿವಾರ ಬಟ್ಟೆ, ಅಂಗಳ, ಕೋಳಿಗೂಡು. ಭಾನುವಾರ ದೇವರು ಕೂಡ ಕೆಲಸ ಬಿಟ್ಟು ಕೂತ ಎಂದು ಪಾದ್ರಿ ಹೇಳುತ್ತಾರೆ. ದೇವರಿಗೆ ಅತ್ತೆ ಇರಲಿಲ್ಲ, ಹನ್ನೆರಡರ ಗಂಟೆ ಹೊಡೆಯುವಾಗ ಸರಿಯಾಗಿ ಊಟಕ್ಕೆ ಬಂದು ಕೂರುವ ನಾದಿನಿಯೂ ಇರಲಿಲ್ಲ.

ನಮ್ಮ ಮನೆಯಲ್ಲಿ ಭಾನುವಾರವೆಂದರೆ ಕೋಳಿ ಪಾಪ್ರಿಕಾಶ್. ಮೊದಲು ಮುದಿ ಕೋಳಿಯ ತಿಳಿಸಾರು, ಆಮೇಲೆ ಎಳೆ ಕೋಳಿಯ ಪಾಪ್ರಿಕಾಶ್, ಅದರ ಜೊತೆ ಕುದಿಯುವ ನೀರಿಗೆ ತುರಿಮಣೆಯ ಮೇಲಿಂದ ಉದುರಿಸಿದ ಹಿಟ್ಟಿನ ತುಣುಕು, ನೊಕೆಡ್ಲಿ. ಮೂವತ್ತೊಂದು ವರ್ಷದಿಂದ ಇದೇ. ನಾನು ಈ ಮನೆಗೆ ಬಂದ ಮೊದಲ ಭಾನುವಾರ ಬೇರೆ ಏನಾದರೂ ಮಾಡೋಣವೇ ಎಂದು ಕೇಳಿದ್ದೆ. ನನ್ನ ಗಂಡ ಆಂಬ್ರುಶ್, ಮನೆಗೆ ಬೆಂಕಿ ಇಡೋಣವೇ ಎಂದು ಕೇಳಿದ ಹಾಗೆ ನನ್ನ ಮುಖ ನೋಡಿದ್ದ. ಆಮೇಲೆ ಕೇಳಲಿಲ್ಲ.

ಕೋಳಿ ಹಿಡಿಯುವುದು, ಕೊಯ್ಯುವುದು, ಪುಕ್ಕ ಕೀಳುವುದು, ತುಂಡು ಮಾಡುವುದು ನನ್ನ ಕೆಲಸ. ಈರುಳ್ಳಿ ಹೆಚ್ಚುವುದು, ಹಂದಿಕೊಬ್ಬಿನಲ್ಲಿ ಅದನ್ನು ಗಾಜಿನಂತಾಗುವ ತನಕ ಬಾಡಿಸುವುದು ನನ್ನ ಕೆಲಸ. ನೊಕೆಡ್ಲಿ, ಉಪ್ಪಿನಕಾಯಿ, ತಟ್ಟೆ, ಮೇಜುಬಟ್ಟೆ, ಊಟವಾದ ಮೇಲೆ ಅದೇ ತಟ್ಟೆ ತೊಳೆಯುವುದು, ಎಲ್ಲ ನನ್ನದೇ. ಅತ್ತೆಯದು ಒಂದೇ ಕೆಲಸ. ಪಾಪ್ರಿಕಾ, ಅಂದರೆ ಕೆಂಪು ಮೆಣಸಿನಕಾಯಿಯ ಪುಡಿ, ಹಾಕುವುದು.

ಇದನ್ನು ಕೇಳಿ ನಗಬೇಡಿ. ಡ್ಯಾನ್ಯೂಬ್ ದಂಡೆಯ ನಮ್ಮ ಈ ಕಡೆ, ಕಾಲೊಚಾ ಸುತ್ತಿನಲ್ಲಿ, ಮನೆಯ ಹಿರಿಯ ಹೆಂಗಸು ಬದುಕಿರುವ ತನಕ ಪಾಪ್ರಿಕಾ ಚೀಲಕ್ಕೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಪುಡಿ ಹಾಕುವುದು ಅರ್ಧ ನಿಮಿಷದ ಕೆಲಸ, ಕೆಡುವುದೂ ಆ ಅರ್ಧ ನಿಮಿಷದಲ್ಲೇ. ಕೊಬ್ಬು ಸುಡುತ್ತಿರುವಾಗ ಉರಿಯ ಮೇಲೆಯೇ ಪುಡಿ ಬಿದ್ದರೆ ಅದು ಸೀದುಹೋಗುತ್ತದೆ, ಸೀದ ಪಾಪ್ರಿಕಾ ವಿಷದ ಹಾಗೆ ಕಹಿ. ಅದಕ್ಕೇ ಮೊದಲು ಪಾತ್ರೆಯನ್ನು ಒಲೆಯಿಂದ ಪಕ್ಕಕ್ಕೆ ಎಳೆಯಬೇಕು, ಆಮೇಲೆ ಪುಡಿ, ಎರಡು ಸುತ್ತು ಕಲಕಿ ಒಂದು ಲೋಟ ನೀರು, ಆಮೇಲೆ ಮತ್ತೆ ಉರಿಗೆ. ನಮ್ಮತ್ತೆ ಬೋರ್ಬಾಲಾ ಇದರಲ್ಲಿ ಬೀದಿಗೇ ಹೆಸರು. ಮದುವೆಮನೆಗಳಲ್ಲಿ ನಾಲ್ಕು ಗಂಡಸರು ಹೊರುವ ಹಂಡೆಯ ಮುಂದೆ ಇವರನ್ನು ಕರೆದು ನಿಲ್ಲಿಸುತ್ತಿದ್ದರು. ಇವರು ಮೂಗು ಮುಂದೆ ಮಾಡಿ, ಕಣ್ಣು ಮುಚ್ಚಿ, 'ಎಳೀರಿ' ಎನ್ನುವ ತನಕ ಯಾರೂ ಉಸಿರು ಬಿಡುತ್ತಿರಲಿಲ್ಲವಂತೆ. ಅಷ್ಟು ಕೆಲಸ ಮಾಡಿ ಮದುವೆಯ ಹೆಣ್ಣಿಗಿಂತ ಹೆಚ್ಚು ಮರ್ಯಾದೆ ಪಡೆದು ಬರುತ್ತಿದ್ದರು.

ಈಗ ಅವರಿಗೆ ಎಂಬತ್ತನಾಲ್ಕು. ಹೋದ ಚಳಿಗಾಲದಿಂದ ಮನೆಯ ಎರಕದ ಪಾತ್ರೆಯನ್ನು ಎಳೆಯಲು ಅವರ ತೋಳಿಗೆ ಆಗುತ್ತಿಲ್ಲ. ಇದನ್ನು ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ. ಒಂದು ಭಾನುವಾರ ಅವರು ಚೀಲ ಬಿಚ್ಚಿ ನನ್ನ ಕಡೆ ತಿರುಗದೆ "ಎಳಿ" ಎಂದರು. ನಾನು ಎಳೆದೆ. ಅಂದಿನಿಂದ ಹಾಗೆಯೇ ನಡೆದುಕೊಂಡು ಬಂದಿತ್ತು. ಆಂಬ್ರುಶನಿಗೆ ಗೊತ್ತಿಲ್ಲ. ಗಂಡಸರಿಗೆ ಪಾತ್ರೆ ಮೇಜಿನ ಮೇಲೆ ಬಂದಾಗ ಮಾತ್ರ ಕಣ್ಣಿಗೆ ಬೀಳುತ್ತದೆ.

ಅವತ್ತಿನ ಭಾನುವಾರ, ನವೆಂಬರಿನ ನಡುವೆ, ಬೇರೆ ಭಾನುವಾರಗಳ ಹಾಗಿರಲಿಲ್ಲ. ಅಕ್ಟೋಬರಿನಲ್ಲಿ ಅತ್ತೆ ಒಂದು ಸಲ ಅಂಗಳದಲ್ಲಿ ಜಾರಿ ಬಿದ್ದಿದ್ದರು, ಇನ್ನೊಂದು ಸಲ ಗ್ಯಾಸ್ ಆರಿಸುವುದನ್ನು ಮರೆತಿದ್ದರು. ಬಾಯಾ ಪಟ್ಟಣದಲ್ಲಿರುವ ನಾದಿನಿ ಇರ್ಮಾಗೆ ಅಷ್ಟು ಸಾಕಾಯಿತು. ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ ನದಿ ಕಾಣುವ ಕೋಣೆ ಖಾಲಿಯಾಗಿದೆ, ಸೋಮವಾರದೊಳಗೆ ಹೇಳಬೇಕು ಎಂದು ಫೋನು ಮಾಡಿದಳು. ಅರ್ಜಿಗೆ ಇಬ್ಬರು ಮಕ್ಕಳ ಸಹಿ ಬೇಕು. ಅತ್ತೆಯದೂ ಬೇಕು, ಆದರೆ ಮಗ ಹಾಕು ಎಂದರೆ ಅವರು ಹಾಕುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಆಂಬ್ರುಶ್ ನಡುಮನೆಯಲ್ಲಿ ನಿಂತು, ದೂರದವರೊಂದಿಗೆ ಮಾತಾಡುವಾಗ ಮಾಡುವ ಹಾಗೆ ಜೋರಾಗಿ ಕೂಗಿದ:

"ನೋಡು ಇರ್ಮಾ, ಬಿದ್ದಿದ್ದು, ಗ್ಯಾಸು, ಅದೆಲ್ಲ ಯಾರಿಗಾದ್ರೂ ಆಗುತ್ತೆ. ಅಮ್ಮನ ಕೈಯಲ್ಲಿ ಪಾಪ್ರಿಕಾ ಸೀದ ದಿನ ಬಾ, ಅವತ್ತೇ ಸಹಿ ಹಾಕ್ತೀನಿ. ಅಲ್ಲೀವರೆಗೂ ನನ್ನ ತಲೆ ತಿನ್ಬೇಡ."

ಅವನಿಗೆ ಅದು ಅಮ್ಮನ ಪರವಾಗಿ ಆಡಿದ ಮಾತು. ಕಿಟಕಿಯ ಬಳಿ ಕೂತು ಒಣಬೀನ್ಸ್ ಬಿಡಿಸುತ್ತಿದ್ದ ಅತ್ತೆಯ ಕೈ ಒಂದು ಕ್ಷಣ ನಿಂತದ್ದನ್ನು ನಾನು ನೋಡಿದೆ. ಆಮೇಲೆ ಮತ್ತೆ ಬಿಡಿಸತೊಡಗಿದರು.

ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಕೇಳಲಿಲ್ಲ, ಸೊಸೆಯ ಸಹಿ ಯಾವ ಅರ್ಜಿಗೂ ಬೇಕಾಗುವುದಿಲ್ಲ. ನಾನೇ ಹೇಳುತ್ತೇನೆ. ಆ ನದಿ ಕಾಣುವ ಕೋಣೆಯನ್ನು ನಾನು ಮೂರು ರಾತ್ರಿ ಯೋಚಿಸಿದೆ. ಅತ್ತೆ ಅಲ್ಲಿ, ನಾನು ಇಲ್ಲಿ, ಭಾನುವಾರ ಒಂಬತ್ತರ ತನಕ ಹಾಸಿಗೆಯಲ್ಲಿ, ಮಧ್ಯಾಹ್ನಕ್ಕೆ ಬ್ರೆಡ್ಡು, ಸಾಸೇಜು. ಯೋಚಿಸಿದರೆ ಬಾಯಲ್ಲಿ ನೀರೂರುತ್ತಿತ್ತು. ನಾಚಿಕೆಯೂ ಆಗುತ್ತಿತ್ತು, ಆದರೆ ನಾಚಿಕೆ ಕಾಲುನೋವಿನಷ್ಟು ಬಲವಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಈರುಳ್ಳಿ ಹೆಚ್ಚಲು ಕೂತೆ. ಅತ್ತೆ ಒಲೆಯ ಪಕ್ಕದ ಮುಕ್ಕಾಲಿಯ ಮೇಲೆ, ಕಪ್ಪು ಏಪ್ರನ್ ಕಟ್ಟಿಕೊಂಡು, ಶಾಲೆಯ ಇನ್ಸ್‌ಪೆಕ್ಟರರ ಹಾಗೆ ಕೂತಿದ್ದರು.

"ಇನ್ನೂ ಸಣ್ಣಗೆ."

"ಇದಕ್ಕಿಂತ ಸಣ್ಣಗೆ ಹೆಚ್ಚಿದ್ರೆ ನೀರಾಗುತ್ತೆ ಅತ್ತೆ."

"ನಿಮ್ಮ ತೌರಿನ ಜಾಲಾ ಕಡೆಯವರದ್ದು ಇದೇ ಕಥೆ. ಹಂದಿಗೆ ಹೆಚ್ಚಿದ ಹಾಗೆ ಹೆಚ್ತೀರ. ಮನುಷ್ಯರು ತಿನ್ನೋದು ಅಂತ ಯಾರೂ ಹೇಳಿಕೊಟ್ಟಿಲ್ಲ."

"ಮೂವತ್ತೊಂದು ವರ್ಷದಿಂದ ಇಲ್ಲೇ ಇದೀನಲ್ಲ, ನೀವೇ ಹೇಳಿಕೊಡಬಹುದಿತ್ತು."

"ಹೇಳ್ತಾನೇ ಇದೀನಿ. ಕಿವಿ ಬೇಕಲ್ಲ."

ಈರುಳ್ಳಿ ಪಾತ್ರೆಗೆ ಬಿತ್ತು. ಸಾರು ಹಿಂದಿನ ಒಲೆಯಲ್ಲಿ ಸದ್ದಿಲ್ಲದೆ ಕುದಿಯುತ್ತಿತ್ತು. ಆಂಬ್ರುಶ್ ವೈನು ತರಲು ತೋಟದ ತುದಿಯ ನೆಲಮಾಳಿಗೆಗೆ ಹೋಗಿದ್ದ. ಒಂದು ಜಗ್ಗು ವೈನು ತರಲು ಅವನಿಗೆ ಎರಡು ತಾಸು ಬೇಕು, ಪ್ರತಿಯೊಂದು ಪೀಪಾಯಿಯನ್ನೂ ಮಾತಾಡಿಸಿ ಬರಬೇಕಲ್ಲ. ಕೊನೆಗೆ ಬೆರೆಸುವ ಹುಳಿ ಬರಿಸಿದ ಕೆನೆ, ಹುಳಿಗೆನೆ, ತೆಗೆಯೋಣವೆಂದು ಫ್ರಿಜ್ಜು ತೆಗೆದರೆ ಡಬ್ಬಿ ಖಾಲಿ. ಹಿಂದಿನ ರಾತ್ರಿ ಆಂಬ್ರುಶ್ ಬ್ರೆಡ್ಡಿಗೆ ಬಳಿದುಕೊಂಡು ತಿಂದು, ಖಾಲಿ ಡಬ್ಬಿಯನ್ನು ಮುಚ್ಚಳ ಹಾಕಿ ಒಳಗೇ ಇಟ್ಟಿದ್ದ. ನನಗೆ ಅಳುವೇ ಬಂತು. ಹುಳಿಗೆನೆ ಇಲ್ಲದ ಪಾಪ್ರಿಕಾಶ್ ನಮ್ಮ ಮನೆಯಲ್ಲಿ ಆಗುವುದಿಲ್ಲ, ಭಾನುವಾರ ಊರಿನ ಅಂಗಡಿ ತೆರೆಯುವುದಿಲ್ಲ.

"ಪಕ್ಕದ ಟೆರ್ಕಾ ಹತ್ರ ಕೇಳ್ಕೊಂಡು ಬರ್ತೀನಿ. ಉರಿ ಸಣ್ಣಗೆ ಮಾಡಿದೀನಿ, ನೀವು ಸುಮ್ನೆ ಕೆದಕ್ತಾ ಇರಿ. ಐದು ನಿಮಿಷ."

"ಬೇಗ ಬಾ," ಎಂದರು ಅತ್ತೆ. "ಈರುಳ್ಳಿ ಕಾಯಲ್ಲ."

ಟೆರ್ಕಾ ಗಂಡ ತೀರಿಕೊಂಡ ಹೆಂಗಸು. ಭಾನುವಾರ ಅವಳ ಮನೆಯಲ್ಲಿ ಒಂದು ಮೊಟ್ಟೆ ಬೇಯುತ್ತದೆ, ಅಷ್ಟೇ. ಒಲೆಯ ಮೇಲೆ ಕಾಫಿ ಇತ್ತು, ಬೆಕ್ಕು ಕುರ್ಚಿಯ ಮೇಲೆ ಮಲಗಿತ್ತು. ಹುಳಿಗೆನೆಯ ಲೋಟ ಕೈಗೆ ಕೊಡುತ್ತ ಅವಳು ನನ್ನ ಮುಖ ನೋಡಿದಳು.

"ಏನೇ ಇದು, ಹಿಂಡಿ ಹಾಕಿದ ಬಟ್ಟೆ ಥರ ಆಗಿದೀಯಾ. ಕೂತ್ಕೋ, ಒಂದು ಗುಟುಕು ಕುಡಿದು ಹೋಗು."

"ಒಲೆ ಮೇಲೆ ಈರುಳ್ಳಿ ಇದೆ ಕಣೇ."

"ನಿಮ್ಮತ್ತೆ ಇದಾಳಲ್ಲ. ಅರವತ್ತು ವರ್ಷ ಈರುಳ್ಳಿ ನೋಡಿದವಳು, ಇವತ್ತೊಂದಿನ ನೋಡ್ತಾಳೆ. ಕೂತ್ಕೋ ಅಂದ್ರೆ."

ಕೂತೆ. ಬೆಕ್ಕನ್ನು ಎಬ್ಬಿಸಲಿಲ್ಲ, ಇನ್ನೊಂದು ಕುರ್ಚಿಯಲ್ಲಿ ಕೂತೆ. ಕಾಫಿ ಬಿಸಿಯಾಗಿತ್ತು. ಆ ಅಡುಗೆಮನೆಯಲ್ಲಿ ಯಾರಿಗೂ ನನ್ನಿಂದ ಏನೂ ಬೇಕಾಗಿರಲಿಲ್ಲ, ಅದೊಂದು ನನ್ನನ್ನು ಹಿಡಿದು ಕೂರಿಸಿತು. ಟೆರ್ಕಾ ಅವರಿವರ ಮನೆಯ ಸುದ್ದಿ ಹೇಳುತ್ತಿದ್ದಳು, ನಾನು ಹ್ಞೂಂ ಎನ್ನುತ್ತಿದ್ದೆ. ಗೋಡೆಯ ಗಡಿಯಾರದಲ್ಲಿ ಐದು ನಿಮಿಷ ಹತ್ತಾಯಿತು, ಹತ್ತು ಹದಿನೈದಾಯಿತು, ನಾನು ನೋಡುತ್ತಲೇ ಇದ್ದೆ. ಈರುಳ್ಳಿ ಈಗ ಹದಕ್ಕೆ ಬಂದಿರುತ್ತದೆ ಎಂದು ನನ್ನ ಮೂಗಿಗೆ ಅಲ್ಲಿಂದಲೇ ಗೊತ್ತಾಗುತ್ತಿತ್ತು. ಎಳೆಯುವವಳಿಲ್ಲದೆ ಅತ್ತೆ ಪುಡಿ ಹಾಕುವುದಿಲ್ಲ, ಕಾಯುತ್ತಾರೆ ಎಂದುಕೊಂಡೆ. ಒಂದು ದಿನ ಕಾಯಲಿ ಎಂದುಕೊಂಡೆ.

"ಏನೋ ಕೂಗಿದ ಹಾಗಾಯ್ತಲ್ಲ," ಎಂದಳು ಟೆರ್ಕಾ ಕಿಟಕಿಯ ಕಡೆ ನೋಡಿ. "ನಿಮ್ಮನೇದಾ?"

"ಕೋಳಿ ಇರಬೇಕು," ಎಂದೆ. ಇನ್ನರ್ಧ ಕಪ್ಪು ಹಾಕಿಸಿಕೊಂಡೆ.

ನಮ್ಮ ಗೇಟು ತೆಗೆಯುವಾಗಲೇ ವಾಸನೆ ಬಂತು. ಮೊದಲು ಅದು ನಮ್ಮ ಮನೆಯದಲ್ಲ ಎಂದುಕೊಂಡೆ. ಆ ಮನೆಯಿಂದ ಅಂಥ ವಾಸನೆ ಬಂದದ್ದೇ ಇಲ್ಲವಲ್ಲ. ಆಮೇಲೆ ಓಡಿದೆ. ಕಾಲುನೋವು ಎಲ್ಲಿ ಹೋಯಿತೋ.

ಅಡುಗೆಮನೆಯ ನೆಲದ ಮೇಲೆ ಪಾತ್ರೆ ಹಿಡಿಯುವ ಬಟ್ಟೆ ಬಿದ್ದಿತ್ತು. ಒಲೆಯ ಅಂಚಿನಿಂದ ಕೊಬ್ಬು ಕೆಳಗೆ ಹರಿದಿತ್ತು. ಪಾತ್ರೆ ಉರಿಯ ಮೇಲೆ ಇದ್ದಲ್ಲೇ ಇತ್ತು, ಒಂದು ಬೆರಳಿನಷ್ಟು ಮಾತ್ರ ಓರೆಯಾಗಿತ್ತು. ಎಳೆಯಲು ನೋಡಿ ಆಗದೆ ಬಿಟ್ಟಿದ್ದಾರೆ ಎಂದು ಕುರುಡನಿಗೂ ಗೊತ್ತಾಗುವ ಹಾಗಿತ್ತು. ಆಗಲೇ ಕೋಳಿಯ ತುಂಡುಗಳೆಲ್ಲ ಒಳಗೆ ಬಿದ್ದು, ಮುಚ್ಚಳ ಮುಚ್ಚಿತ್ತು. ಅತ್ತೆ ಮುಕ್ಕಾಲಿಯ ಮೇಲೆ ಕೂತು ಬಲಗೈಯನ್ನು ಏಪ್ರನ್ ಒಳಗೆ ಹುದುಗಿಸಿಕೊಂಡಿದ್ದರು.

"ಪುಡಿ ಹಾಕಿದ್ರಾ?"

"ಹಾಕದೆ? ಈರುಳ್ಳಿ ಸೀಯ್ತಿತ್ತು. ನೀನು ಟೆರ್ಕಾ ಮನೇಲಿ ಹೊಸ ಹಸು ಹಾಲು ಕರೆದು ಕೆನೆ ಕಟ್ಟೋವರೆಗೂ ಕಾದ್ಯೇನೋ."

"ಉರಿ ಮೇಲೇನೇ..."

"ಸ್ವಲ್ಪ ಬಣ್ಣ ಗಾಢ ಅಷ್ಟೇ. ಈ ವರ್ಷದ ಪುಡೀನೇ ಹಾಗೆ."

ಈ ವರ್ಷದ ಪುಡಿ ಹೋದ ಭಾನುವಾರ ದಾಸವಾಳದ ಹಾಗೆ ಕೆಂಪಗಿತ್ತು. ಸೆಪ್ಟೆಂಬರಿನಲ್ಲಿ ನಾನೇ ಸೂರಿನಡಿ ಮೆಣಸಿನಕಾಯಿ ಸರ ಕಟ್ಟಿ ಒಣಗಿಸಿದ್ದು. ಮುಚ್ಚಳ ತೆಗೆದು ಚಮಚದ ತುದಿಯಲ್ಲಿ ರುಚಿ ನೋಡಿದೆ. ನಾಲಿಗೆಯ ಹಿಂಬದಿ ಬಿಗಿದುಕೊಂಡಿತು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಅವರ ಮುಖ ನೋಡಲಿಲ್ಲ. ಹನ್ನೊಂದೂ ಕಾಲಾಗಿತ್ತು. ಬೇರೆ ಕೋಳಿ ಹಿಡಿದು ಕೊಯ್ದು ಬೇಯಿಸಲು ಹೊತ್ತಿಲ್ಲ, ಒಳಗೆ ಬಿದ್ದ ಮಾಂಸವನ್ನು ತೊಳೆದು ತೆಗೆಯುವ ಹಾಗೂ ಇಲ್ಲ. ಒಂದು ಚಿಟಿಕೆ ಸಕ್ಕರೆ ಹಾಕಿದೆ, ಇನ್ನೊಂದು ಹಾಕಿದೆ. ಟೆರ್ಕಾ ಕೊಟ್ಟ ಹುಳಿಗೆನೆಯನ್ನು ಪೂರ್ತಿ ಸುರಿದೆ. ಬಣ್ಣ ಇಟ್ಟಿಗೆಯಿಂದ ಕೆಸರಿಗೆ ಬಂತು. ಕಹಿ ಹೋಗಲಿಲ್ಲ, ಸಿಹಿಯ ಹಿಂದೆ ಅಡಗಿ ಕೂತಿತು.

ನೊಕೆಡ್ಲಿಯ ಹಿಟ್ಟು ಕಲಸುತ್ತ ಲೆಕ್ಕ ಹಾಕಿದೆ. ನಾನು ಏನೂ ಮಾಡಬೇಕಿಲ್ಲ. ಸುಮ್ಮನೆ ಬಡಿಸಿದರೆ ಸಾಕು. ಇರ್ಮಾ ಒಂದು ತುತ್ತು ತಿನ್ನುತ್ತಾಳೆ, ಆಂಬ್ರುಶ್ ಒಂದು ತುತ್ತು ತಿನ್ನುತ್ತಾನೆ, ಆಡಿದ ಮಾತಿಗೆ ಸಹಿ ಹಾಕುತ್ತಾನೆ. ಬರುವ ಭಾನುವಾರ ನಾನು ಒಂಬತ್ತರ ತನಕ ಮಲಗಬಹುದು. ಪಾಪ ನನ್ನ ತಲೆಗೆ ಬರುವುದೂ ಇಲ್ಲ, ನಾನು ಆಗ ಮನೆಯಲ್ಲೇ ಇರಲಿಲ್ಲವಲ್ಲ.

ಇರಲಿಲ್ಲ, ನಿಜ. ಇರಬೇಕಾಗಿದ್ದವಳೂ ನಾನೇ.

ಕಾರು ನಿಂತಾಗ ಹನ್ನೆರಡಕ್ಕೆ ಐದು ನಿಮಿಷ. ಇರ್ಮಾ ಹೊಸ ಕೋಟು ಹಾಕಿಕೊಂಡು, ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತು ಕೊಟ್ಟು, ಕೋಟು ಬಿಚ್ಚುವ ಮೊದಲೇ ಕೈಚೀಲದಿಂದ ನೀಲಿ ಫೈಲು ತೆಗೆದು ಬ್ರೆಡ್ಡಿನ ಬುಟ್ಟಿಯ ಪಕ್ಕ ಇಟ್ಟಳು. ಅವಳ ಗಂಡ ಗೇಜಾ ಮಾತು ಕಡಿಮೆ, ಊಟ ಜಾಸ್ತಿ. ಆಂಬ್ರುಶ್ ನೆಲಮಾಳಿಗೆಯಿಂದ ಮೂಗು ಕೆಂಪಗೆ ಮಾಡಿಕೊಂಡು ಬಂದು ಎಲ್ಲರಿಗೂ ಒಂದೊಂದು ಸಣ್ಣ ಲೋಟ ಪಾಲಿಂಕಾ, ಹಣ್ಣಿನ ಸಾರಾಯಿ, ಸುರಿದ. ಚರ್ಚಿನ ಗಂಟೆ ಹೊಡೆಯಿತು. ಕೂತೆವು.

ಸಾರು ಸುಸೂತ್ರವಾಗಿ ಮುಗಿಯಿತು.

"ಸಾರು ಚೆನ್ನಾಗಿದೆ," ಎಂದ ಗೇಜಾ. ವರ್ಷವಿಡೀ ಅವನು ನಮ್ಮ ಮನೆಯಲ್ಲಿ ಆಡುವ ಮಾತು ಅಷ್ಟೇ.

ಪಾಪ್ರಿಕಾಶ್ ತಂದು ಮೇಜಿನ ನಡುವೆ ಇಟ್ಟೆ. ನಮ್ಮಲ್ಲಿ ತುಂಡುಗಳು ಯಾರಿಗೆ ಯಾವುದು ಎಂದು ಮೊದಲೇ ಗೊತ್ತು. ಕಾಲುಗಳು ಗಂಡಸರಿಗೆ, ಎದೆಮಾಂಸ ಇರ್ಮಾಗೆ, ಈಲಿ ಆಂಬ್ರುಶನಿಗೆ. ಕತ್ತು, ಬೆನ್ನು ನನಗೆ. ಬಾಲದ ತುದಿಯ ಆ ಕೊಬ್ಬಿನ ತುಣುಕು, ಬಿಷಪ್ಪನ ತುತ್ತು ಎನ್ನುತ್ತೇವೆ, ಅದು ಅತ್ತೆಗೆ. ಅದನ್ನು ಅವರು ಯಾವತ್ತೂ ಯಾರಿಗೂ ಬಿಟ್ಟುಕೊಟ್ಟವರಲ್ಲ. ಎಲ್ಲರ ತಟ್ಟೆಗೂ ಹಾಕಿ ನಾನೂ ಕೂತೆ.

ಇರ್ಮಾ ಮೊದಲ ತುತ್ತು ಬಾಯಿಗಿಟ್ಟಳು. ಅಗಿಯುವುದು ನಿಧಾನವಾಯಿತು. ಫೋರ್ಕನ್ನು ತಟ್ಟೆಯ ಅಂಚಿಗೆ ಒರಗಿಸಿ, ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, ಅಣ್ಣನ ಕಡೆ ತಿರುಗಿದಳು.

"ಅಣ್ಣ, ತಿಂದು ನೋಡು."

ಆಂಬ್ರುಶ್ ಆಗಲೇ ತಿಂದಿದ್ದ. ಅವನ ಮುಖವನ್ನು ನೋಡಲು ನನಗೆ ಆಗಲಿಲ್ಲ. ಅರವತ್ತು ವರ್ಷದ ಗಂಡಸು, ಆಟದ ಸಾಮಾನು ಒಡೆದುಹೋದ ಮಗುವಿನ ಹಾಗೆ ತಾಯಿಯ ಕಡೆ ನೋಡುತ್ತಿದ್ದ.

"ಕಹಿ," ಎಂದಳು ಇರ್ಮಾ. ಅವಳ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ, ಅಷ್ಟು ಕೆಟ್ಟವಳಲ್ಲ ಅವಳು. "ಪಾಪ್ರಿಕಾ ಸೀದಿದೆ ಅಣ್ಣ. ನಾನೇನೂ ಹೇಳಲ್ಲ. ನೀನೇ ಹೇಳಿದ್ದು."

ಅತ್ತೆ ತಟ್ಟೆಯನ್ನೇ ನೋಡುತ್ತಿದ್ದರು. ಎಡಗೈಯಲ್ಲಿ ಫೋರ್ಕು ಹಿಡಿದಿದ್ದರು, ಬಲಗೈ ಮೇಜಿನ ಕೆಳಗಿತ್ತು. ಅವರು ಬಾಯಿ ತೆರೆಯಲಿಲ್ಲ. ಮೂವತ್ತೊಂದು ವರ್ಷದಲ್ಲಿ ಆ ಬಾಯಿ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಅದನ್ನು ನೋಡಲು ಇಷ್ಟವಾಗಲಿಲ್ಲ.

"ನಾನು ಹಾಕಿದ್ದು," ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು.

"ನೀವಾ?" ಎಂದಳು ಇರ್ಮಾ. "ಅತ್ತಿಗೆ, ಅಮ್ಮ ಆ ಚೀಲ ನಿಮ್ಮ ಕೈಗೆ ಕೊಟ್ರು ಅಂತ ನಾನು ನಂಬಬೇಕಾ?"

"ಕೊಡ್ಲಿಲ್ಲ. ನಾನೇ ತಗೊಂಡೆ. ಅತ್ತೆ ಕೋಳಿಗೆ ಕಾಳು ಹಾಕೋಕೆ ಹೋಗಿದ್ರು, ಈರುಳ್ಳಿ ಸೀಯ್ತಿತ್ತು. ಪಾತ್ರೆ ಎಳೀಲಿಲ್ಲ. ಸುಸ್ತಾಗಿತ್ತು, ಮರೆತೆ."

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಆದರೆ ಇದು ಅರ್ಧಕ್ಕಿಂತ ಹೆಚ್ಚು ನಿಜವಾಗಿತ್ತು, ಅದಕ್ಕೇ ಸರಾಗವಾಗಿ ಬಂತು. ಇರ್ಮಾ ನಂಬಲಿಲ್ಲ. ಕಣ್ಣು ಕಿರಿದು ಮಾಡಿ ತಾಯಿಯನ್ನು ಕೇಳಿದಳು:

"ಹೌದೇನಮ್ಮ?"

ಗೇಜಾ ಕೂಡ ಅಗಿಯುವುದನ್ನು ನಿಲ್ಲಿಸಿದ. ಅತ್ತೆ ತಲೆಯೆತ್ತಿ ಮೊದಲು ನೀಲಿ ಫೈಲನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆಮೇಲೆ ಶುರುವಾಯಿತು.

"ಮೂವತ್ತೊಂದು ವರ್ಷ!" ಎಂದರು. ಲೋಟಗಳು ಅದುರಿದವು. "ಮೂವತ್ತೊಂದು ವರ್ಷದಿಂದ ಬಡ್ಕೋತಾ ಇದೀನಿ, ಎಳಿ, ಎಳಿ, ಎಳಿ ಅಂತ! ಕಲ್ಲಿಗೆ ಹೇಳಿದ್ರೆ ಕಲ್ಲು ಎಳೀತಿತ್ತು. ಎರಡು ನಿಮಿಷ ಕೋಳಿಗೂಡಿಗೆ ಹೋಗಿ ಬಂದ್ರೆ ಇವಳು ನನ್ನ ಚೀಲಕ್ಕೆ ಕೈ ಹಾಕ್ತಾಳೆ! ಯಾರನ್ನ ಕೇಳಿ ಹಾಕ್ದೆ? ಹ್ಞಾಂ? ಜಾಲಾದಲ್ಲಿ ಹಾಗೇನೇ? ಕುಂಬಳಕಾಯಿಗೆ ಸೋಂಪು ಹಾಕಿ ತಿನ್ನೋ ಜನ, ನಿಮಗೇನು ಗೊತ್ತು ಪಾಪ್ರಿಕಾ? ಮದುವೆ ದಿನಾನೇ ಹೇಳ್ದೆ ನಾನು ಇವನಿಗೆ, ಹುಡುಗಿ ಒಳ್ಳೆಯವಳು, ಆದ್ರೆ ಮೂಗಿಲ್ಲ ಅಂತ. ಈ ನೊಕೆಡ್ಲಿ ನೋಡು, ಕಲ್ಲು! ಹೋದ ಕ್ರಿಸ್‌ಮಸ್ಸಿನ ಗಸಗಸೆ ಸುರುಳಿ ಒಡೀತು, ಸುಮ್ನಿದ್ದೆ. ಈಸ್ಟರಿನ ಹಂದಿತೊಡೆಗೆ ಉಪ್ಪು ಜಾಸ್ತಿ, ಸುಮ್ನಿದ್ದೆ..."

"ಸುಮ್ನಿರಲಿಲ್ಲ," ಎಂದ ಆಂಬ್ರುಶ್ ಮೆಲ್ಲಗೆ.

"ನೀನು ಬಾಯಿ ಮುಚ್ಚು! ಹುಳಿಗೆನೆ ಕದ್ದು ತಿಂದು ಖಾಲಿ ಡಬ್ಬಿ ಇಟ್ಟವನು ಯಾರು? ನಿನ್ನಿಂದಾನೇ ಎಲ್ಲ."

ಕಾಲು ಗಂಟೆ ಬೈದರು. ಒಂದೂ ತಪ್ಪದೆ, ಇಸವಿ ಸಮೇತ, ನಾನು ಕೆಡಿಸಿದ್ದನ್ನೆಲ್ಲ ಹೇಳಿದರು. ನನಗೇ ಮರೆತುಹೋಗಿದ್ದ ಒಂದು ಬೀನ್ಸ್ ಸಾರು, ಹತ್ತೊಂಬತ್ತು ವರ್ಷದ ಹಿಂದಿನದು, ಅದೂ ಬಂತು. ನನ್ನ ಕಿವಿ ಬಿಸಿಯಾಯಿತು. ಇವರಿಗಾಗಿ ನಾನು ತಲೆ ಕೊಟ್ಟರೆ ಇವರು ನಿಜವಾಗಿಯೂ ತಲೆಯನ್ನೇ ಕೊಯ್ಯುತ್ತಿದ್ದಾರಲ್ಲ ಎಂದು ಕೆಟ್ಟ ಕೋಪ ಬಂತು. ಎದ್ದು ನಿಂತು, ಆ ಬಲಗೈಯನ್ನು ಮೇಜಿನ ಕೆಳಗಿಂದ ತೆಗೆದು ತೋರಿಸಿ ಅತ್ತೆ, ಎನ್ನಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು. ಎನ್ನಲಿಲ್ಲ. ಏಳಲಿಕ್ಕೂ ನನ್ನಲ್ಲಿ ಶಕ್ತಿ ಇರಲಿಲ್ಲ, ಬೈಗುಳದ ನಡುವೆ ಕೂತಿರುವುದೇ ಸುಲಭವಾಗಿತ್ತು.

ಬೈಯುತ್ತಲೇ ಅವರು ತಿನ್ನುತ್ತಿದ್ದರು. ಬಿಷಪ್ಪನ ತುತ್ತನ್ನು ಎಡಗೈಯ ಫೋರ್ಕಿನಿಂದ ಎರಡು ಭಾಗ ಮಾಡಿ, ಒಂದೊಂದಾಗಿ ಬಾಯಿಗಿಟ್ಟು, ಮುಖ ಒಂದಿಷ್ಟೂ ಹುಳ್ಳಗೆ ಮಾಡದೆ ನುಂಗಿದರು. ತಟ್ಟೆಯ ಗೊಜ್ಜನ್ನು ಬ್ರೆಡ್ಡಿನಿಂದ ಒರೆಸಿ ತಿಂದರು. ಅಷ್ಟು ಕಹಿಯನ್ನು ಅಷ್ಟು ಸದ್ದಿಲ್ಲದೆ ತಿನ್ನುವುದು ನನ್ನಿಂದ ಆಗುತ್ತಿರಲಿಲ್ಲ.

ಕೊನೆಗೆ ಇರ್ಮಾ ನಕ್ಕುಬಿಟ್ಟಳು.

"ಸಾಕಮ್ಮ, ಬಿಡಮ್ಮ. ನಿನ್ನ ತಲೆ ನನ್ನ ತಲೆಗಿಂತ ಚೆನ್ನಾಗಿದೆ. ಆ ಆಶ್ರಮದ ನರ್ಸುಗಳು ಒಂದು ವಾರಾನೂ ತಡ್ಕೊಳ್ಳಲ್ಲ." ನೀಲಿ ಫೈಲನ್ನು ಮತ್ತೆ ಕೈಚೀಲಕ್ಕೆ ತುರುಕಿದಳು. ಆಮೇಲೆ ನನ್ನ ಕೈ ತಟ್ಟಿ ಹೇಳಿದಳು, "ಪರವಾಗಿಲ್ಲ ಅತ್ತಿಗೆ, ಎಲ್ಲರಿಗೂ ಆ ಕೈಗುಣ ಇರಲ್ಲ."

ಆ ಮಾತಿಗೆ ಅವಳ ಮೇಲೆ ಪಾತ್ರೆ ಬೋರಲು ಹಾಕಬೇಕೆನಿಸಿತು. ಆಂಬ್ರುಶ್ ಮಾತ್ರ ಸೆರೆಮನೆಯಿಂದ ಬಿಟ್ಟವನ ಹಾಗೆ ಎರಡನೇ ಸಲ ಹಾಕಿಸಿಕೊಂಡು, ಕಹಿಯೋ ಸಿಹಿಯೋ ನೋಡದೆ ಕಣ್ಣು ಒದ್ದೆ ಮಾಡಿಕೊಂಡು ತಿಂದ. ವೈನು ಮೂರು ಜಗ್ಗು ಖಾಲಿಯಾಯಿತು.

ಮೂರೂವರೆಗೆ ಕಾರು ಹೊರಟಿತು. ಆಂಬ್ರುಶ್ ಸೋಫಾದ ಮೇಲೆ ಬಾಯಿ ತೆರೆದುಕೊಂಡು ಮಲಗಿದ. ನಾನು ತಟ್ಟೆಗಳನ್ನು ಬಿಸಿನೀರಿಗೆ ಹಾಕಿ ಎರಕದ ಪಾತ್ರೆಯ ತಳವನ್ನು ಕೆರೆಯುತ್ತಿದ್ದೆ. ಕಪ್ಪು ಅಂಟಿಕೊಂಡಿತ್ತು. ಕಿಟಕಿಯ ಹೊರಗೆ ಮಂಜು ಕೋಳಿಗೂಡಿನ ತನಕ ಬಂದಿತ್ತು. ನಾಳೆ ಸೋಮವಾರ, ನೂರ ಎಂಬತ್ತು ಮಕ್ಕಳಿಗೆ ಆಲೂಗಡ್ಡೆ. ಯಾರ ಮೇಲೋ ಕೋಪ ಮಾಡಿಕೊಳ್ಳಬೇಕು, ಯಾರ ಮೇಲೆ ಎಂದು ಯೋಚಿಸಲೂ ಬೇಸರ.

ಅತ್ತೆ ಬಂದು ಮುಕ್ಕಾಲಿಯ ಮೇಲೆ ಕೂತರು. ನಾನು ತಿರುಗಲಿಲ್ಲ. ಕೆರೆಯುತ್ತಲೇ ಇದ್ದೆ.

"ಕೈ ತೋರಿಸಿ," ಎಂದೆ ಕೊನೆಗೆ.

ಏಪ್ರನ್ ಒಳಗಿಂದ ತೆಗೆದರು. ಮಣಿಕಟ್ಟಿನ ಮೇಲೆ ಬೆರಳುದ್ದದ ಬೊಬ್ಬೆ ಎದ್ದಿತ್ತು. ನಾನು ಕೈ ಒರೆಸಿಕೊಂಡು, ಬೀರುವಿನಿಂದ ಮುಲಾಮು ತಂದು ಹಚ್ಚಿದೆ. ಅವರು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಬಟ್ಟೆ ಸುತ್ತಿದೆ. ಆ ಕೈಯಲ್ಲಿ ಏನೂ ತೂಕವಿರಲಿಲ್ಲ.

"ಕರೆದೆ," ಎಂದರು ಅತ್ತೆ, ಬಟ್ಟೆಯ ಗಂಟನ್ನು ನೋಡುತ್ತ. "ಮೂರು ಸಲ ಕರೆದೆ. ಬಾಗಿಲಿಗೆ ಬಂದು ಕರೆದೆ. ಕೇಳಿಸ್ಲಿಲ್ವಾ?"

ಇಲ್ಲ ಎನ್ನಬಹುದಿತ್ತು. ಅವತ್ತಿನ ಸುಳ್ಳಿನ ಪಾಲು ಮುಗಿದಿತ್ತು.

"ಕೇಳಿಸ್ತು."

ಅವರು ತಲೆಯಾಡಿಸಿದರು. ಬೈಯುತ್ತಾರೆ ಎಂದು ಕಾದೆ. ಬೈಗುಳವೆಲ್ಲ ಮಧ್ಯಾಹ್ನವೇ ಖರ್ಚಾಗಿತ್ತೇನೋ.

"ಏನ್ ಮಾಡ್ತಿದ್ದೆ?"

"ಏನೂ ಇಲ್ಲ ಅತ್ತೆ. ಕೂತಿದ್ದೆ."

"ಕೂತಿದ್ದೆ," ಎಂದರು ಅವರು, ಆ ಪದವನ್ನು ಮೊದಲ ಸಲ ಕೇಳಿದವರ ಹಾಗೆ. ಆಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ನಿದ್ದೆ ಹೋದರು ಎಂದುಕೊಂಡು ನಾನು ಮತ್ತೆ ಪಾತ್ರೆ ಹಿಡಿದೆ.

"ಮುಂದಿನ ಭಾನುವಾರಾನೂ ಹೋಗು," ಎಂದರು ಕಣ್ಣು ತೆರೆಯದೆ. "ಹೋಗಿ ಕೂತ್ಕೋ. ಬೇಕಾದ್ರೆ ಒಂದು ತಾಸು ಕೂತ್ಕೋ. ಆದ್ರೆ ಪಾತ್ರೆ ಎಳೆದುಕೊಟ್ಟು ಹೋಗು, ವಿಲ್ಮಾ."